ಕ್ಯಾಸೆಟ್ಟಿನಲ್ಲಿ ಉಳಿದ ಊರು

ಒಂದು ಸಿನಿಮಾದ ಆಯುಷ್ಯ ಎಷ್ಟು? ಚಿತ್ರಮಂದಿರದಲ್ಲಿ ನೂರು ದಿನ ಓಡಿದರೆ ಶತದಿನೋತ್ಸವ, ಇಪ್ಪತ್ತೈದು ವಾರ ಓಡಿದರೆ ಬೆಳ್ಳಿಹಬ್ಬ. ಅದಾದ ಮೇಲೆ ಗೋಡೆಯ ಪೋಸ್ಟರಿನ ಮೇಲೆ ಬೇರೊಂದು ಪೋಸ್ಟರು ಬೀಳುತ್ತದೆ. ರೀಲಿನ ಡಬ್ಬಿಗಳು ವಿತರಕರ ಗೋದಾಮಿಗೆ ಮರಳುತ್ತವೆ. 1970ರ ದಶಕದ ನಡುಭಾಗದವರೆಗೆ ಜಗತ್ತಿನ ಬಹುಪಾಲು ಚಿತ್ರಗಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನೋಡಿದವರ ನೆನಪಿನಲ್ಲಿ ಎಷ್ಟು ಉಳಿಯಿತೋ ಅಷ್ಟೇ.

ಆಮೇಲೆ ವಿಡಿಯೋ ಬಂತು. 1975ರಲ್ಲಿ ಜಪಾನಿನ ಸೋನಿ ಕಂಪನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿ ಕಂಪನಿಯ ವಿಎಚ್‌ಎಸ್. ಪುಸ್ತಕದಂತೆ ಸಿನಿಮಾವನ್ನೂ ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಬಹುದು, ಬೇಕೆಂದಾಗ ತೆಗೆದು ನೋಡಬಹುದು ಎಂಬುದು ಆಗ ಹೊಸ ಸಂಗತಿ. ಈ ಸಲದ ಮಾತುಕತೆಯ ವಿಷಯವೂ ಅದೇ. ಪರದೆಯ ಮೇಲೆ ಸಮಯ ಸಾಲದೆ ಬಿಟ್ಟುಹೋದ ಒಂದು ಉದಾಹರಣೆಯನ್ನು ಇಲ್ಲಿ ಬಿಡಿಸಿ ನೋಡೋಣ.

ಉದಾಹರಣೆ ಹಾಂಗ್‌ಕಾಂಗಿನದು. 1986ರ ಆಗಸ್ಟ್ 2ರಂದು ಅಲ್ಲಿ ತೆರೆಕಂಡ ಕ್ಯಾಂಟೊನೀಸ್ ಭಾಷೆಯ ಚಿತ್ರ ‘ಎ ಬೆಟರ್ ಟುಮಾರೋ’. ನಿರ್ದೇಶಕ ಜಾನ್ ವೂ. ಭೂಗತ ಲೋಕದ ಕಥೆ, ಗುಂಡಿನ ಕಾಳಗ ಬೇಕಾದಷ್ಟಿದೆ. ಚಿಕ್ಕ ಮಕ್ಕಳಿಗೆ ತೋರಿಸುವ ಚಿತ್ರವಲ್ಲ. ಹಾಗಿದ್ದೂ ಇತಿಹಾಸ ಓದುವವರಿಗೆ ಇದರಲ್ಲಿ ಕಲಿಯಲು ಬಹಳ ಇದೆ. ಒಂದು ಕಾಲದ ನೆನಪು ಉಳಿಯುವುದು ಹೇಗೆ, ಅದನ್ನು ಉಳಿಸುವವರು ಯಾರು, ಉಳಿದದ್ದು ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಈ ಚಿತ್ರದ ನಲವತ್ತು ವರ್ಷಗಳ ಓಡಾಟ ಒಳ್ಳೆಯ ಪಾಠ.

ಬೆಂಕಿಯಲ್ಲಿ ಮನೆ ಕಳೆದುಕೊಂಡ ಹುಡುಗ

ಜಾನ್ ವೂ ಹುಟ್ಟಿದ್ದು 1946ರಲ್ಲಿ, ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ. ಚೀನಾದಲ್ಲಿ ಕಮ್ಯುನಿಸ್ಟ್ ಕ್ರಾಂತಿಯಾದ ಮೇಲೆ ಅವರ ಕುಟುಂಬ ಬ್ರಿಟಿಷರ ಆಡಳಿತದಲ್ಲಿದ್ದ ಹಾಂಗ್‌ಕಾಂಗಿಗೆ ವಲಸೆ ಬಂತು. ಹೀಗೆ ಬಂದ ಲಕ್ಷಾಂತರ ಜನ ಗುಡ್ಡದ ಇಳಿಜಾರಿನಲ್ಲಿ ಮರದ ಹಲಗೆ, ತಗಡುಗಳಿಂದ ಗುಡಿಸಲು ಕಟ್ಟಿಕೊಂಡಿದ್ದರು. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿನ ಅಂಥ ಕೊಳೆಗೇರಿಗೆ ಬೆಂಕಿ ಬಿತ್ತು. ಒಂದೇ ರಾತ್ರಿಯಲ್ಲಿ 50,000ಕ್ಕೂ ಹೆಚ್ಚು ಮಂದಿ ಬೀದಿಪಾಲಾದರು. ವೂ ಅವರ ಕುಟುಂಬವೂ ಅವರಲ್ಲಿತ್ತು. ಹಾಂಗ್‌ಕಾಂಗ್ ಸರ್ಕಾರ ಬಡವರಿಗಾಗಿ ಬಹುಮಹಡಿ ವಸತಿಗಳನ್ನು ಕಟ್ಟಲಾರಂಭಿಸಿದ್ದು ಈ ಬೆಂಕಿಯ ನಂತರವೇ.

ಚರ್ಚಿನ ಮೂಲಕ ಅಮೆರಿಕದ ಕುಟುಂಬವೊಂದು ಕಳಿಸುತ್ತಿದ್ದ ಹಣದಿಂದ ಹುಡುಗನ ಓದು ನಡೆಯಿತು. 1970ರ ದಶಕದ ಆರಂಭದಲ್ಲಿ ವೂ ಅಲ್ಲಿನ ದೊಡ್ಡ ನಿರ್ಮಾಣ ಸಂಸ್ಥೆಯಾದ ಶಾ ಬ್ರದರ್ಸ್‌ನಲ್ಲಿ, ಕತ್ತಿವರಸೆಯ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಚಾಂಗ್ ಚೆ ಅವರ ಬಳಿ ಸಹಾಯಕರಾಗಿ ಪಳಗಿದರು. ಗೆಳೆತನಕ್ಕಾಗಿ ಪ್ರಾಣ ಕೊಡುವ ವೀರರ ಕಥೆ, ಹನಿಹನಿಯಾಗಿ ಇಳಿಯುವ ಸಾವಿನ ದೃಶ್ಯ, ಇವೆರಡನ್ನೂ ಅವರು ಕಲಿತದ್ದು ಅಲ್ಲಿ. ಫ್ರೆಂಚ್ ನಿರ್ದೇಶಕ ಮೆಲ್ವಿಲ್ ಅವರ ಚಿತ್ರಗಳಲ್ಲಿ ಉದ್ದ ಕೋಟು ಧರಿಸಿ ಮಾತಿಲ್ಲದೆ ನಡೆಯುವ ಅಪರಾಧಿಗಳೂ ಅವರ ಮನಸ್ಸಿನಲ್ಲಿ ನಿಂತಿದ್ದರು.

ಆದರೆ 1980ರ ದಶಕದ ಆರಂಭದಲ್ಲಿ ವೂ ಅವರ ಚಿತ್ರಗಳು ಒಂದರ ಹಿಂದೊಂದು ಸೋತವು. ಕೈಹಿಡಿದವರು ನಿರ್ಮಾಪಕ, ನಿರ್ದೇಶಕ ತ್ಸುಯ್ ಹಾರ್ಕ್. ಅವರು 1984ರಲ್ಲಿ ಫಿಲ್ಮ್ ವರ್ಕ್‌ಶಾಪ್ ಎಂಬ ಸಂಸ್ಥೆ ಸ್ಥಾಪಿಸಿದ್ದರು. ಸಿನಿಮಾ ಸಿಟಿ ಎಂಬ ಮತ್ತೊಂದು ಸಂಸ್ಥೆಯ ಜೊತೆಗೂಡಿ ಹೊಸ ಚಿತ್ರಕ್ಕೆ ಹಣ ಹೊಂದಿಸಲಾಯಿತು.

ನಟರ ಆಯ್ಕೆಯನ್ನು ಗಮನಿಸಿ. ಹಿರಿಯ ಪಾತ್ರಕ್ಕೆ ತಿ ಲುಂಗ್. ಶಾ ಬ್ರದರ್ಸ್‌ನ ಕತ್ತಿವರಸೆ ಚಿತ್ರಗಳ ಮಾಜಿ ನಾಯಕ. ಆ ಸಂಸ್ಥೆ ಚಿತ್ರ ನಿರ್ಮಾಣದಿಂದ ಹಿಂದೆ ಸರಿಯುತ್ತಿದ್ದಂತೆ ಅವರ ಕಾಲ ಮುಗಿಯಿತೆಂದು ಜನ ಆಡಿಕೊಳ್ಳುತ್ತಿದ್ದರು. ಗೆಳೆಯನ ಪಾತ್ರಕ್ಕೆ ಚೌ ಯುನ್‌ಫಾಟ್. 1980ರ ‘ದಿ ಬಂಡ್’ ಧಾರಾವಾಹಿಯಿಂದ ಟೆಲಿವಿಷನ್ನಿನಲ್ಲಿ ಮನೆಮಾತಾಗಿದ್ದರೂ ಸಿನಿಮಾದಲ್ಲಿ ಅವರಿಗಿದ್ದ ಅಡ್ಡಹೆಸರು ‘ಗಲ್ಲಾಪೆಟ್ಟಿಗೆಗೆ ವಿಷ’. ತಮ್ಮನ ಪಾತ್ರಕ್ಕೆ ಗಾಯಕ ಲೆಸ್ಲಿ ಚೆಯುಂಗ್. ಹೀಗೆ ಸೋತ ನಿರ್ದೇಶಕ, ಹಳಬನಾದ ನಟ, ಓಡದ ನಾಯಕ, ಒಬ್ಬ ಹಾಡುಗಾರ ಒಂದೆಡೆ ಸೇರಿದರು. ಚಿತ್ರ 3 ಕೋಟಿ 46 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿ ಅಲ್ಲಿನ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. 1987ರ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಮತ್ತು ಚೌ ಯುನ್‌ಫಾಟ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬೆವರು ಇಳಿಯುವ ಸೆಕೆಯಲ್ಲೂ ಹಾಂಗ್‌ಕಾಂಗಿನ ಹುಡುಗರು ಅವರಂತೆ ಉದ್ದ ಕೋಟು ತೊಟ್ಟು ಓಡಾಡಿದರು.

ಅಣ್ಣ, ತಮ್ಮ, ಗೆಳೆಯ

ಕಥೆ ಸರಳ. ಹೋ ಮತ್ತು ಮಾರ್ಕ್ ಖೋಟಾನೋಟಿನ ಜಾಲದಲ್ಲಿರುವ ಆಪ್ತ ಗೆಳೆಯರು. ಹೋನ ತಮ್ಮ ಕಿಟ್ ಪೊಲೀಸ್ ತರಬೇತಿಗೆ ಸೇರಿದ್ದಾನೆ. ಅಣ್ಣನ ಕಸುಬು ಅವನಿಗೆ ತಿಳಿಯದು. ಕಾಯಿಲೆಯ ತಂದೆ ಹಿರಿಮಗನಿಗೆ ಈ ದಾರಿ ಬಿಡು ಎಂದು ಕೇಳಿಕೊಳ್ಳುತ್ತಾನೆ. ಇದೊಂದೇ ಕೊನೆಯ ಸಲ ಎಂದು ತೈವಾನಿಗೆ ಹೋದ ಹೋ ಮೋಸಕ್ಕೆ ಸಿಲುಕಿ ಜೈಲು ಸೇರುತ್ತಾನೆ. ಇತ್ತ ತಂದೆಯ ಕೊಲೆಯಾಗುತ್ತದೆ. ತಮ್ಮನ ಕಣ್ಣಿನಲ್ಲಿ ಅಣ್ಣನೇ ಅಪರಾಧಿ. ಸೇಡು ತೀರಿಸಿಕೊಳ್ಳಲು ಹೋದ ಮಾರ್ಕ್ ಕಾಲಿಗೆ ಪೆಟ್ಟು ಬಿದ್ದು ಕುಂಟನಾಗುತ್ತಾನೆ.

ಮೂರು ವರ್ಷಗಳ ನಂತರ ಬಿಡುಗಡೆಯಾದ ಹೋ ಟ್ಯಾಕ್ಸಿ ಓಡಿಸಿ ಬದುಕುತ್ತಾನೆ. ಒಂದು ಕಾಲಕ್ಕೆ ಮೆರೆದ ಮಾರ್ಕ್, ತನಗಿಂತ ಕಿರಿಯನಾಗಿದ್ದವನ ಕಾರು ಒರೆಸಿ ಅವನು ಎಸೆದ ನೋಟು ಆಯ್ದುಕೊಳ್ಳುವ ಸ್ಥಿತಿಯಲ್ಲಿರುತ್ತಾನೆ. ಕೊನೆಗೆ ಬಂದರಿನ ಕಟ್ಟೆಯ ಮೇಲೆ ಕಾಳಗ. ಒಡಹುಟ್ಟಿದವರ ಸಂಬಂಧವೆಂದರೇನು ಎಂದು ಕಿಟ್‌ಗೆ ಬೈದು ಹೇಳುತ್ತಿರುವಾಗಲೇ ಮಾರ್ಕ್ ಗುಂಡಿಗೆ ಬಲಿಯಾಗುತ್ತಾನೆ. ಹೋ ತಾನಾಗಿಯೇ ತಮ್ಮನ ಕೈಕೋಳಕ್ಕೆ ಕೈಯೊಡ್ಡುತ್ತಾನೆ. ಗುಂಡಿನ ಸದ್ದನ್ನು ಕಳೆದರೆ ಉಳಿಯುವುದು ಕ್ಷಮೆ ಕೇಳುವ ಅಣ್ಣ ಮತ್ತು ಕ್ಷಮಿಸಲಾರದ ತಮ್ಮನ ಕಥೆ.

ಈ ಕಥೆಯ ಬೇರು 1967ರ ಒಂದು ಕಪ್ಪುಬಿಳುಪು ಚಿತ್ರದಲ್ಲಿದೆ. ಲುಂಗ್ ಕಾಂಗ್ ನಿರ್ದೇಶಿಸಿದ ಆ ಚಿತ್ರದ ಇಂಗ್ಲಿಷ್ ಹೆಸರು ‘ಸ್ಟೋರಿ ಆಫ್ ಎ ಡಿಸ್ಚಾರ್ಜ್ಡ್ ಪ್ರಿಸನರ್’. ಎರಡೂ ಚಿತ್ರಗಳ ಚೀನೀ ಹೆಸರು ಮಾತ್ರ ಒಂದೇ; ವೀರನ ನಿಜವಾದ ಗುಣ ಎಂಬುದು ಅದರ ಅರ್ಥ.

ಅಣ್ಣ ಅಪರಾಧಿ, ತಮ್ಮ ಪೊಲೀಸ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ‘ದೀವಾರ್’. ಸಲೀಂ-ಜಾವೇದ್ ಬರೆದು ಯಶ್ ಚೋಪ್ರಾ ನಿರ್ದೇಶಿಸಿದ ಈ ಹಿಂದಿ ಚಿತ್ರ ಬಂದದ್ದು 1975ರಲ್ಲಿ. 1979ರಲ್ಲಿ ಶಾ ಬ್ರದರ್ಸ್ ಅದನ್ನು ‘ದಿ ಬ್ರದರ್ಸ್’ ಎಂಬ ಹೆಸರಿನಲ್ಲಿ ಹಾಂಗ್‌ಕಾಂಗಿನ ಕಥೆಯಾಗಿ ಮತ್ತೆ ತೆಗೆದಿತು. ಏಳು ವರ್ಷ ಕಳೆದು ವೂ ಅವರ ಚಿತ್ರ ಬಂತು. ಹಾಗೆಂದು ಅದು ‘ದೀವಾರ್’ನ ನಕಲು ಎನ್ನಲಾಗದು, ಅದರ ಮೂಲ 1967ರ ಚಿತ್ರವೇ. ಆದರೆ ಮುಂಬಯಿಯ ಕಥೆಯೊಂದನ್ನು ಹಾಂಗ್‌ಕಾಂಗಿನ ಪ್ರೇಕ್ಷಕರು ಅಷ್ಟರಲ್ಲೇ ನೋಡಿದ್ದರು ಎಂಬುದು ನಿಜ. 1994ರಲ್ಲಿ ಸಂಜಯ್ ಗುಪ್ತಾ ನಿರ್ದೇಶಿಸಿದ ಹಿಂದಿ ಚಿತ್ರ ‘ಆತಿಶ್’ ಮೇಲೆ ವೂ ಅವರ ಚಿತ್ರದ ಛಾಯೆ ಬಿತ್ತು. ಕಥೆಗಳು ಹೀಗೆ ಹೋಗಿ ಬಂದು ಮಾಡುತ್ತವೆ. 1980ರ ದಶಕದಿಂದ ಈಚೆಗೆ ಅವುಗಳ ಓಡಾಟವನ್ನು ಸುಲಭ ಮಾಡಿದ್ದು ವಿಡಿಯೋ.

1997 ಎಂಬ ಗಡುವು

ಚಿತ್ರದಲ್ಲಿ ಒಂದು ರಾತ್ರಿಯ ದೃಶ್ಯವಿದೆ. ಗೆಳೆಯರಿಬ್ಬರು ಗುಡ್ಡದ ಮೇಲೆ ನಿಂತು ಕೆಳಗಿನ ನಗರದ ದೀಪಗಳನ್ನು ನೋಡುತ್ತಾರೆ. ಊರು ಇಷ್ಟು ಚೆಂದವೆಂದು ತನಗೆ ಗೊತ್ತೇ ಇರಲಿಲ್ಲ, ಇಷ್ಟು ಚೆಂದದ್ದು ಕೈಬಿಟ್ಟು ಹೋಗುತ್ತದಲ್ಲ ಎಂದು ಮಾರ್ಕ್ ಹಳಹಳಿಸುತ್ತಾನೆ. ಕಥೆಯ ಮಟ್ಟಿಗೆ ಅದು ಸೋತವನೊಬ್ಬನ ಮಾತು. ಆದರೆ 1986ರಲ್ಲಿ ಚಿತ್ರಮಂದಿರದಲ್ಲಿ ಕೂತಿದ್ದವರಿಗೆ ಅದರಲ್ಲಿ ಇನ್ನೊಂದು ಅರ್ಥ ಕೇಳಿಸಿತು.

ಕಾರಣ ಇಷ್ಟು. ಹಾಂಗ್‌ಕಾಂಗಿನ ಬಹುಭಾಗ ಬ್ರಿಟನ್ನಿಗೆ 1898ರಲ್ಲಿ 99 ವರ್ಷಗಳ ಗುತ್ತಿಗೆಯಾಗಿ ಸಿಕ್ಕಿದ್ದು. ಗುತ್ತಿಗೆ ಮುಗಿಯುವುದು 1997ರಲ್ಲಿ. 1984ರ ಡಿಸೆಂಬರ್ 19ರಂದು ಚೀನಾ ಮತ್ತು ಬ್ರಿಟನ್ ಜಂಟಿ ಘೋಷಣೆಗೆ ಸಹಿ ಹಾಕಿದವು. 1997ರ ಜುಲೈ 1ರಂದು ಇಡೀ ಹಾಂಗ್‌ಕಾಂಗ್ ಚೀನಾದ ಆಡಳಿತಕ್ಕೆ ಮರಳುವುದೆಂದು ನಿಶ್ಚಯವಾಯಿತು. ಚಿತ್ರ ತೆರೆಗೆ ಬಂದಾಗ ಈ ಸಹಿಯ ಮಸಿ ಆರಿ ಎರಡು ವರ್ಷವೂ ಆಗಿರಲಿಲ್ಲ. ಹೋಗುವುದೋ ಉಳಿಯುವುದೋ ಎಂಬ ಪ್ರಶ್ನೆ ಮನೆಮನೆಯಲ್ಲಿತ್ತು. ಅನೇಕರು ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದರು.

ಇನ್ನು ಭಾಷೆಯ ಮಾತು. ಹಾಂಗ್‌ಕಾಂಗಿನ ಜನ ಆಡುವುದು ಕ್ಯಾಂಟೊನೀಸ್. ಆದರೆ 1970ರ ದಶಕದ ಆರಂಭಕ್ಕೆ ಅಲ್ಲಿನ ಚಿತ್ರೋದ್ಯಮ ಮ್ಯಾಂಡರಿನ್ ಕಡೆಗೆ ವಾಲಿ ಕ್ಯಾಂಟೊನೀಸ್ ಚಿತ್ರಗಳು ಹೆಚ್ಚುಕಡಿಮೆ ನಿಂತೇಹೋಗಿದ್ದವು. 1973ರಲ್ಲಿ ‘ದಿ ಹೌಸ್ ಆಫ್ 72 ಟೆನೆಂಟ್ಸ್’ ಎಂಬ ಚಿತ್ರ ಗೆದ್ದ ಮೇಲೆ ಜನರ ಮಾತು ಪರದೆಗೆ ಮರಳಿತು. ಜೋಸೆಫ್ ಕೂ ಸಂಗೀತ ನೀಡಿ ಲೆಸ್ಲಿ ಚೆಯುಂಗ್ ಹಾಡಿದ ಈ ಚಿತ್ರದ ಹಾಡು ಕೂಡ ಕ್ಯಾಂಟೊನೀಸ್ ಜನಪ್ರಿಯ ಸಂಗೀತದ ಒಳ್ಳೆಯ ದಿನಗಳದು. ಹೀಗಾಗಿ ಅವರ ಮಟ್ಟಿಗೆ ಈ ಚಿತ್ರವೆಂದರೆ ತಮ್ಮ ಊರು, ತಮ್ಮ ಮಾತು, ತಮ್ಮ ಆತಂಕ ಒಟ್ಟಿಗೆ ಸಿಕ್ಕುವ ಜಾಗ. ವಲಸೆ ಹೋದವರು ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಲು ಬಯಸಿದರೆ ಆಶ್ಚರ್ಯವಿಲ್ಲ. ಗಂಟಿಗೆ ಹಿಡಿಸುವಂಥ ರೂಪವೂ ಆಗ ಬಂದಿತ್ತು.

ಅರ್ಧ ಇಂಚಿನ ಪಟ್ಟಿ

ವಿಎಚ್‌ಎಸ್ ಕ್ಯಾಸೆಟ್ಟಿನೊಳಗೆ ಇರುವುದು ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೈಗೆ ಕಾಂತಶಕ್ತಿ ಹಿಡಿದಿಟ್ಟುಕೊಳ್ಳುವ ಕಬ್ಬಿಣದ ಆಕ್ಸೈಡಿನ ಲೇಪ. ಚಿತ್ರದ ಸಂಕೇತವನ್ನು ಬರೆಯಲು ಪಟ್ಟಿ ಬಹಳ ವೇಗವಾಗಿ ಓಡಬೇಕು. ಹಾಗೆ ಓಡಿಸಿದರೆ ಒಂದು ಸಿನಿಮಾಕ್ಕೆ ಮೈಲಿಗಟ್ಟಲೆ ಪಟ್ಟಿ ಬೇಕು. ಎಂಜಿನಿಯರುಗಳು ಕಂಡುಕೊಂಡ ಉಪಾಯವೆಂದರೆ ಪಟ್ಟಿಯನ್ನು ನಿಧಾನವಾಗಿ ಬಿಟ್ಟು ಓದುವ ಹೆಡ್ಡನ್ನೇ ತಿರುಗಿಸುವುದು. ನಮ್ಮಲ್ಲೂ ಹಾಂಗ್‌ಕಾಂಗಿನಲ್ಲೂ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಪಟ್ಟಿ ಸೆಕೆಂಡಿಗೆ 2.34 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಆದರೆ ಓರೆಯಾಗಿ ನಿಂತ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗಿ ಪಟ್ಟಿಯ ಮೇಲೆ ಓರೆಗೆರೆಗಳನ್ನು ಎಳೆಯುತ್ತದೆ. ಒಂದೊಂದು ಗೆರೆಯಲ್ಲೂ ಅರ್ಧ ಫ್ರೇಮು.

ಇದು ಜಾಣ ಉಪಾಯವೇ. ಆದರೂ ಚಿತ್ರಮಂದಿರದ 35 ಮಿಲಿಮೀಟರ್ ಫಿಲ್ಮಿನ ವಿವರದಲ್ಲಿ ಸಣ್ಣ ಪಾಲು ಮಾತ್ರ ಇದರಲ್ಲಿ ಉಳಿಯುತ್ತಿತ್ತು. ಅಗಲ ಪರದೆಯ ಚಿತ್ರವನ್ನು ಟಿವಿಯ ಚೌಕಕ್ಕೆ ಹೊಂದಿಸಲು ಅಂಚುಗಳನ್ನು ಕತ್ತರಿಸುವುದೂ ಇತ್ತು. ಹಾಂಗ್‌ಕಾಂಗ್ ಚಿತ್ರಗಳ ಪ್ರತಿಗಳಲ್ಲಿ ಚೀನೀ ಮತ್ತು ಇಂಗ್ಲಿಷ್ ಅಡಿಬರಹಗಳನ್ನು ಫಿಲ್ಮಿನ ಮೇಲೆಯೇ ಅಚ್ಚೊತ್ತುತ್ತಿದ್ದರು. ಬಿಳಿ ಅಂಗಿಯ ಮೇಲೆ ಬಿದ್ದ ಬಿಳಿ ಅಕ್ಷರ ಕಾಣದೆ ಹೋಗುತ್ತಿತ್ತು. ಅಂಚು ಕತ್ತರಿಸಿದರೆ ಸಾಲಿನ ಎರಡು ತುದಿಯೂ ಮಾಯ.

ಇನ್ನೊಂದು ಲೆಕ್ಕ ನೋಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ಪಾಲ್ ಟಿವಿ 25. ಹೊಂದಿಸಲು ಚಿತ್ರವನ್ನೇ ತುಸು ವೇಗವಾಗಿ ಓಡಿಸಿಬಿಡುತ್ತಿದ್ದರು. 95 ನಿಮಿಷದ ಈ ಚಿತ್ರ ಪಾಲ್ ಕ್ಯಾಸೆಟ್ಟಿನಲ್ಲಿ ಸುಮಾರು 91 ನಿಮಿಷಕ್ಕೆ ಮುಗಿಯುತ್ತದೆ. ಒಂದು ಫ್ರೇಮನ್ನೂ ಕತ್ತರಿಸದೆ ನಾಲ್ಕು ನಿಮಿಷ ಮಾಯ! ನಟರ ದನಿಯ ಸ್ಥಾಯಿಯೂ ಶೇಕಡಾ 4ರಷ್ಟು ಏರುತ್ತದೆ. ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಸುಮಾರು 6ರಷ್ಟು ಅಂತರವಿರುವುದರಿಂದ ಹೆಚ್ಚಿನವರಿಗೆ ಇದು ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಕೊರತೆಯಿದ್ದರೂ ಕ್ಯಾಸೆಟ್ಟಿಗೆ ಒಂದು ಗುಣವಿತ್ತು: ಅದು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಉತ್ತರ ಅಮೆರಿಕದ ಚೀನೀ ಬೀದಿಗಳ ದಿನಸಿ ಅಂಗಡಿ, ವಿಡಿಯೋ ಅಂಗಡಿಗಳಲ್ಲಿ ಹಾಂಗ್‌ಕಾಂಗ್ ಚಿತ್ರಗಳು ಬಾಡಿಗೆಗೆ ಸಿಗುತ್ತಿದ್ದವು. ವಲಸೆ ಹೋದವರ ಮನೆಯಲ್ಲಿ ಮಕ್ಕಳು ಊರಿನ ಮಾತು ಕೇಳಿಸಿಕೊಂಡದ್ದು ಇವುಗಳಿಂದ. ಅಲ್ಲಿಂದ ಚೀನೀಯರಲ್ಲದ ಸಿನಿಮಾಪ್ರಿಯರ ಕೈಗೂ ಅವು ತಲುಪಿದವು. ಕ್ಯಾಲಿಫೋರ್ನಿಯಾದ ವಿಡಿಯೋ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕ್ವೆಂಟಿನ್ ಟರಂಟಿನೋ ಹಾಂಗ್‌ಕಾಂಗ್ ಚಿತ್ರಗಳ ಅಭಿಮಾನಿ. ಮುಂದೆ 1992ರಲ್ಲಿ ಅವರು ನಿರ್ದೇಶಿಸಿದ ‘ರಿಸರ್ವಾಯರ್ ಡಾಗ್ಸ್’ಗೂ 1987ರ ಹಾಂಗ್‌ಕಾಂಗ್ ಚಿತ್ರ ‘ಸಿಟಿ ಆನ್ ಫೈರ್’ಗೂ ಇರುವ ಹೋಲಿಕೆ ಬಹಳ ಚರ್ಚೆಯಾಗಿದೆ. ಜಾನ್ ವೂ ಅವರೇ 1993ರ ಹೊತ್ತಿಗೆ ಹಾಲಿವುಡ್ಡಿನಲ್ಲಿ ಚಿತ್ರ ಮಾಡಿದರು. ಅವರ ಹೆಸರು ಅವರಿಗಿಂತ ಮೊದಲು ಅಲ್ಲಿಗೆ ತಲುಪುವುದರಲ್ಲಿ ಈ ಕ್ಯಾಸೆಟ್ಟುಗಳ ಪಾಲು ದೊಡ್ಡದು.

ಅವುಗಳಲ್ಲಿ ನಕಲಿನ ನಕಲುಗಳೂ ಇದ್ದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾಂತಪಟ್ಟಿಯಿಂದ ಕಾಂತಪಟ್ಟಿಗೆ ನಕಲು ಇಳಿಸಿದ ಪ್ರತಿ ಸಲವೂ ಬಣ್ಣ ಕದಡುತ್ತದೆ, ಮಸುಕು ಹೆಚ್ಚುತ್ತದೆ.

ಹೊಳೆಯುವ ತಟ್ಟೆಗಳು

ಕ್ಯಾಸೆಟ್ಟಿನ ಮಸುಕಿಗೆ ಮೊದಲ ಉತ್ತರ ಲೇಸರ್ ಡಿಸ್ಕ್. 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಇದು ಗ್ರಾಮಫೋನ್ ತಟ್ಟೆಯಷ್ಟು ದೊಡ್ಡದು. ಒಂದು ಮಗ್ಗುಲಿಗೆ ಒಂದು ಗಂಟೆ ಚಿತ್ರ. ಹಾಂಗ್‌ಕಾಂಗ್ ಮತ್ತು ಜಪಾನಿನಲ್ಲಿ ಸಿನಿಮಾಪ್ರಿಯರು ಇದನ್ನು ಮೆಚ್ಚಿದರು. ಬೆಲೆ ಮಾತ್ರ ಎಲ್ಲರ ಕೈಗೆ ಎಟಕುವಂತಿರಲಿಲ್ಲ.

ಎಟಕಿದ್ದು ವಿಸಿಡಿ. 1993ರಲ್ಲಿ ಇದರ ಮಾನದಂಡ ರೂಪುಗೊಂಡಿತು. ಹಾಡಿನ ಸಿಡಿಯಂಥದೇ ತಟ್ಟೆ, ಅದರಲ್ಲಿ 74 ನಿಮಿಷದ ಚಿತ್ರ. ಅಮೆರಿಕ, ಯೂರೋಪುಗಳಲ್ಲಿ ಅದು ಹೆಚ್ಚು ಹಬ್ಬಲಿಲ್ಲ. ಏಷ್ಯಾದಲ್ಲಿ ಮನೆಮನೆಗೆ ಬಂತು. ನಾನು ‘ಎ ಬೆಟರ್ ಟುಮಾರೋ’ ನೋಡಿದ್ದು ಬಿ.ಎಸ್ಸಿ. ಓದುತ್ತಿದ್ದಾಗ, ಹಾಸ್ಟೆಲಿನ ಗೆಳೆಯರು ಚಂದಾ ಎತ್ತಿ ಬಾಡಿಗೆಗೆ ತಂದ ವಿಸಿಡಿ ಪ್ಲೇಯರಿನಲ್ಲಿ. 95 ನಿಮಿಷದ ಚಿತ್ರ 74 ನಿಮಿಷದ ತಟ್ಟೆಯಲ್ಲಿ ಹಿಡಿಸದು. ಆದ್ದರಿಂದ ಎರಡು ತಟ್ಟೆ. ನಡುವೆ ಒಬ್ಬ ಎದ್ದು ತಟ್ಟೆ ಬದಲಿಸಬೇಕು. ಗುಂಡಿನ ಕಾಳಗ ಶುರುವಾದಾಗಲೆಲ್ಲ ಪರದೆ ಚೌಕಚೌಕವಾಗಿ ಒಡೆಯುತ್ತಿತ್ತು. ತಟ್ಟೆಯಲ್ಲಿ ಗೀರು ಬಿದ್ದಿದೆಯೆಂದು ನಾವು ಅಂಗಿಯಿಂದ ಒರೆಸಿ ಒರೆಸಿ ಹಾಕಿದೆವು.

ತಪ್ಪು ಗೀರಿನದಲ್ಲ ಎಂದು ತಿಳಿದದ್ದು ಆಮೇಲೆ. ವಿಸಿಡಿಯಲ್ಲಿ ಚಿತ್ರಕ್ಕೆಂದು ಮೀಸಲಾದ ಮಾಹಿತಿ ಸೆಕೆಂಡಿಗೆ ಸುಮಾರು 11.5 ಲಕ್ಷ ಬಿಟ್ ಮಾತ್ರ. ಅಷ್ಟರಲ್ಲಿ ಎಲ್ಲ ಫ್ರೇಮುಗಳನ್ನೂ ಪೂರ್ತಿಯಾಗಿ ಬರೆದಿಡಲಾಗದು. ಒಂದು ಫ್ರೇಮನ್ನು ಬರೆದು, ಮುಂದಿನವುಗಳಲ್ಲಿ ಎಷ್ಟು ಬದಲಾಯಿತೋ ಅಷ್ಟನ್ನು ಮಾತ್ರ ಬರೆಯುವುದು ಇದರ ಕ್ರಮ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಬದಲಾಗುವುದು ತುಟಿ ಮತ್ತು ಕಣ್ಣು, ಲೆಕ್ಕ ಸರಿದೂಗುತ್ತದೆ. ಆದರೆ ಹೊಗೆ, ಬೆಂಕಿಯ ಕಿಡಿ, ಚೂರಾಗಿ ಹಾರುವ ಗಾಜು ಬಂದಾಗ ಪರದೆಯ ಮೂಲೆಮೂಲೆಯೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಬರೆಯಲು ಜಾಗ ಸಾಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಜಾನ್ ವೂ ಅವರ ಖ್ಯಾತಿಗೆ ಕಾರಣವಾದ ದೃಶ್ಯಗಳೇ ಅತ್ಯಂತ ಕೆಟ್ಟದಾಗಿ ಕಂಡದ್ದು ಹೀಗೆ.

1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂತು. 2006ರಲ್ಲಿ ಬ್ಲೂ-ರೇ, ಈಚೆಗೆ 4ಕೆ. ಒಂದು ಫ್ರೇಮಿನಲ್ಲಿರುವ ಬಿಂದುಗಳ ಲೆಕ್ಕ ಹಾಕಿ ನೋಡಿ. ಪಾಲ್ ವಿಸಿಡಿಯಲ್ಲಿ 352 ಮತ್ತು 288ರ ಗುಣಲಬ್ಧ, ಅಂದರೆ ಸುಮಾರು ಒಂದು ಲಕ್ಷ. ಡಿವಿಡಿಯಲ್ಲಿ ಸುಮಾರು ನಾಲ್ಕು ಲಕ್ಷ. ಬ್ಲೂ-ರೇಯಲ್ಲಿ 20 ಲಕ್ಷಕ್ಕೂ ಹೆಚ್ಚು. 4ಕೆಯಲ್ಲಿ ಸುಮಾರು 83 ಲಕ್ಷ. ವಿಸಿಡಿಯಲ್ಲಿ ನಾವು ಕಂಡದ್ದು 4ಕೆ ಪ್ರತಿಯ ಎಂಬತ್ತರಲ್ಲಿ ಒಂದು ಪಾಲು!

ಬಿಂದು ಹೆಚ್ಚಿದ ಮಾತ್ರಕ್ಕೆ ಚಿತ್ರ ಮೂಲಕ್ಕೆ ಹತ್ತಿರವಾಯಿತೆಂದು ತಿಳಿಯಬಾರದು. ಹಾಂಗ್‌ಕಾಂಗಿನ ಹಲವು ಹಳೆಯ ಚಿತ್ರಗಳನ್ನು ಡಿವಿಡಿಗೆ ತರುವಾಗ, ಒಂದೇ ವಾಹಿನಿಯ ಹಳೆಯ ಧ್ವನಿ ಇಂದಿನವರಿಗೆ ಸಪ್ಪೆಯೆನಿಸೀತೆಂದು ಹೊಸ ಗುಂಡಿನ ಸದ್ದು, ಹೊಸ ಹೆಜ್ಜೆ ಸದ್ದು ಸೇರಿಸಿ ಆರು ವಾಹಿನಿಗೆ ಹಿಗ್ಗಿಸಿದರು. ಅಭಿಮಾನಿಗಳು ಸಿಟ್ಟಾದರು, ಮಸುಕಾದ ಹಳೆಯ ಕ್ಯಾಸೆಟ್ಟಿನಲ್ಲಿ ಮೂಲದ ಸದ್ದಾದರೂ ಇತ್ತಲ್ಲ ಎಂದರು. ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತಿದು. ಶಾಸನದ ಮೇಲೆ ಹೊಸ ಬಣ್ಣ ಬಳಿದರೆ ಅಕ್ಷರ ಎದ್ದು ಕಾಣಬಹುದು. ಆದರೆ ಬಳಿದವನು ತಪ್ಪಾಗಿ ಓದಿದ್ದರೆ ಮುಂದಿನವರೆಲ್ಲ ಅದೇ ತಪ್ಪನ್ನು ಓದುತ್ತಾರೆ.

ಹಕ್ಕಿನ ಬೀಗ

ಪ್ರತಿ ಚೆನ್ನಾಗಿದ್ದರೂ ಅದನ್ನು ಹೊರತರುವ ಹಕ್ಕು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಹಾಂಗ್‌ಕಾಂಗಿನಲ್ಲಿ ಇದಕ್ಕೆ ಎರಡು ಬಗೆಯ ಉದಾಹರಣೆಗಳಿವೆ.

ಶಾ ಬ್ರದರ್ಸ್ ತನ್ನ ಚಿತ್ರಗಳ ನೆಗೆಟಿವ್‌ಗಳನ್ನು ದಶಕಗಳ ಕಾಲ ಉಗ್ರಾಣದಲ್ಲಿ ಕಾಪಿಟ್ಟು, ಮನೆ ವಿಡಿಯೋಗೆ ಹೆಚ್ಚಾಗಿ ಬಿಡಲಿಲ್ಲ. 2000ದಲ್ಲಿ ಸೆಲೆಸ್ಟಿಯಲ್ ಪಿಕ್ಚರ್ಸ್ ಎಂಬ ಸಂಸ್ಥೆ ಸುಮಾರು 760 ಚಿತ್ರಗಳನ್ನು ಕೊಂಡು, ಸರಿಪಡಿಸಿ, 2002ರಿಂದ ಡಿಸ್ಕ್‌ಗಳಲ್ಲಿ ಹೊರತಂದಿತು. ಒಡೆತನ ಒಂದೇ ಕಡೆ ಇದ್ದುದರಿಂದ ಇದು ಸಾಧ್ಯವಾಯಿತು.

ಜಾನ್ ವೂ ಅವರ ಚಿತ್ರಗಳ ಹಾದಿ ಬೇರೆ. ಸಿನಿಮಾ ಸಿಟಿಯ ಬೆನ್ನಿಗೆ ಹಣ ಮತ್ತು ಚಿತ್ರಮಂದಿರಗಳ ಜಾಲದೊಡನೆ ನಿಂತಿದ್ದದ್ದು ಗೋಲ್ಡನ್ ಪ್ರಿನ್ಸೆಸ್ ಎಂಬ ಸಂಸ್ಥೆ. 1990ರ ದಶಕದಲ್ಲಿ ಈ ಸಂಸ್ಥೆಗಳು ನಿರ್ಮಾಣ ನಿಲ್ಲಿಸಿದ ಮೇಲೆ ಹಕ್ಕುಗಳು ಕೈಯಿಂದ ಕೈಗೆ, ದೇಶಕ್ಕೊಬ್ಬರಂತೆ ಹಂಚಿಹೋದವು. ವೂ ಅವರ 1989ರ ‘ದಿ ಕಿಲ್ಲರ್’ ಮತ್ತು 1992ರ ‘ಹಾರ್ಡ್ ಬಾಯಿಲ್ಡ್’ ಚಿತ್ರಗಳನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1998ರಲ್ಲಿ ಡಿವಿಡಿಯಾಗಿ ತಂದಿತ್ತು. ಕೆಲಕಾಲದಲ್ಲೇ ಅವು ಮುದ್ರಣ ನಿಂತು, ಹಳೆಯ ಪ್ರತಿಗಳು ದುಬಾರಿ ಬೆಲೆಗೆ ಕೈ ಬದಲಾಯಿಸಿದವು. ಸಾಲದ್ದಕ್ಕೆ ಡಿವಿಡಿಗೆ ವಲಯದ ಬೀಗ ಬೇರೆ: ಹಾಂಗ್‌ಕಾಂಗ್ 3ನೇ ವಲಯ, ಅಮೆರಿಕ 1, ಭಾರತ 5. ಒಂದು ವಲಯದ ತಟ್ಟೆ ಇನ್ನೊಂದರ ಯಂತ್ರದಲ್ಲಿ ಓಡದು.

ವಿಚಿತ್ರ ನೋಡಿ. 2005ರಲ್ಲಿ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ ಸಂಸ್ಥೆ ಚೀನೀ ಸಿನಿಮಾದ ನೂರು ವರ್ಷಗಳ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿಸಿದಾಗ ‘ಎ ಬೆಟರ್ ಟುಮಾರೋ’ ಎರಡನೆಯ ಸ್ಥಾನ ಪಡೆಯಿತು. ಮೊದಲನೆಯದು 1948ರ ‘ಸ್ಪ್ರಿಂಗ್ ಇನ್ ಎ ಸ್ಮಾಲ್ ಟೌನ್’. ಅಂಥ ಚಿತ್ರದ ಒಳ್ಳೆಯ, ಅಧಿಕೃತ ಪ್ರತಿ ಹಲವು ದೇಶಗಳ ಅಂಗಡಿಗಳಲ್ಲಿ ವರ್ಷಗಟ್ಟಲೆ ಸಿಗಲಿಲ್ಲ. 2025ರ ಆರಂಭದಲ್ಲಿ ಅಮೆರಿಕದ ಶೌಟ್ ಸ್ಟುಡಿಯೋಸ್ ಸಂಸ್ಥೆ ಗೋಲ್ಡನ್ ಪ್ರಿನ್ಸೆಸ್‌ನ 156 ಚಿತ್ರಗಳ ಹಕ್ಕನ್ನು ಪಡೆದಿರುವುದಾಗಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಈ ಚಿತ್ರವೂ ಅದರ ಮುಂದಿನ ಎರಡು ಭಾಗಗಳೂ ಇವೆ. ಚಿತ್ರ ತೆರೆಕಂಡು ಆಗಲೇ ಮೂವತ್ತೆಂಟು ವರ್ಷ ಕಳೆದಿತ್ತು.

ಉಳಿಸಿದವರು ಯಾರು?

ಈ ನಡುವೆ ಚಿತ್ರದಲ್ಲಿದ್ದ ಕಾಲವೇ ಕಳೆದುಹೋಯಿತು. ಕೌಲೂನಿನ ಹಳೆಯ ಕೋಟೆ ಬಡಾವಣೆ 1993–94ರಲ್ಲಿ ನೆಲಸಮವಾಯಿತು. ಮನೆಗಳ ಚಾವಣಿ ಸವರಿಕೊಂಡಂತೆ ವಿಮಾನಗಳು ಇಳಿಯುತ್ತಿದ್ದ ಕೈ ತಕ್ ನಿಲ್ದಾಣ 1998ರಲ್ಲಿ ಮುಚ್ಚಿತು. ವಿಸಿಡಿಯ ಕಳ್ಳಪ್ರತಿಗಳ ಹೊಡೆತವೂ ಸೇರಿ, 1990ರ ದಶಕದ ಆರಂಭದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರ ತಯಾರಿಸುತ್ತಿದ್ದ ಉದ್ಯಮ ದಶಕದ ಕೊನೆಗೆ ನೂರರ ಆಸುಪಾಸಿಗೆ ಇಳಿಯಿತು. ಚಿತ್ರವನ್ನು ಮನೆಮನೆಗೆ ಒಯ್ದ ತಟ್ಟೆಯೇ ಚಿತ್ರ ಮಾಡುವವರ ಅನ್ನಕ್ಕೂ ಕಲ್ಲು ಹಾಕಿತು. ಲೆಸ್ಲಿ ಚೆಯುಂಗ್ 2003ರಲ್ಲಿ ತೀರಿಕೊಂಡರು. ಗುಡ್ಡದ ಮೇಲಿನ ಆ ರಾತ್ರಿಯ ಮಾತು ಮೊದಲಿಗಿಂತ ಈಗ ಭಾರವಾಗಿ ಕೇಳುತ್ತದೆ.

ಹಾಂಗ್‌ಕಾಂಗಿನಲ್ಲಿ ಸರ್ಕಾರಿ ಚಲನಚಿತ್ರ ಸಂಗ್ರಹಾಲಯ ಬಾಗಿಲು ತೆರೆದದ್ದು 2001ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಅಲ್ಲಿನ ಚಿತ್ರಗಳಲ್ಲಿ ಅಷ್ಟರಲ್ಲಾಗಲೇ ಬೆರಳೆಣಿಕೆಯಷ್ಟು ಉಳಿದಿದ್ದವು. ‘ಎ ಬೆಟರ್ ಟುಮಾರೋ’ ಪುಣ್ಯ ಮಾಡಿತ್ತು. ಅದಕ್ಕೆ ಬೇಡಿಕೆಯಿತ್ತು, ಯಾರೋ ಒಬ್ಬರು ಸದಾ ಅದರ ಪ್ರತಿ ತೆಗೆಯುತ್ತಿದ್ದರು. ಬೇಡಿಕೆಯಿಲ್ಲದ್ದರ ಗತಿಯೇನು? ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ ಎಂಬುದನ್ನು ನೆನೆದರೆ ಸಾಕು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಈ ಕಸುಬಿಗೆ ಬಂದ ಹೊಸತು. ಕೆಲಸ ಮಾಡುತ್ತಿದ್ದ ಕಡೆ ಟೇಪುಗಳ ಕೊರತೆ. ಮರುದಿನದ ಚಿತ್ರೀಕರಣಕ್ಕೆಂದು ಕಪಾಟಿನಿಂದ ಹಳೆಯ ಬೀಟಾಕ್ಯಾಮ್ ಟೇಪೊಂದನ್ನು ತೆಗೆದೆ. ಬೆನ್ನಿನ ಚೀಟಿ ಹರಿದಿತ್ತು. ಹಾಕಿ ನೋಡುವ ವ್ಯವಧಾನವಿಲ್ಲದೆ ಅದರ ಮೇಲೆಯೇ ಒಂದು ಉದ್ಘಾಟನಾ ಸಮಾರಂಭವನ್ನು ಚಿತ್ರಿಸಿಕೊಂಡು ಬಂದೆ. ಅದರಲ್ಲಿದ್ದದ್ದು ವಯಸ್ಸಾದ ದೊಡ್ಡಾಟದ ಭಾಗವತರೊಬ್ಬರ ಹಾಡು ಮತ್ತು ಮಾತು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಮತ್ತೆ ಚಿತ್ರಿಸೋಣವೆಂದರೆ ಭಾಗವತರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಸಮಾರಂಭದ ದೃಶ್ಯವನ್ನು ಒಂದು ಸಲ ತೋರಿಸಿದೆವು, ಮತ್ತೆ ಯಾರೂ ಕೇಳಲಿಲ್ಲ.

ಆದ್ದರಿಂದ ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಮನೆಯ ಅಟ್ಟದ ಮೇಲೂ ಕ್ಯಾಸೆಟ್ಟುಗಳಿರಬಹುದು: ಮದುವೆ, ಊರ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಅಜ್ಜಿಯ ಸೋಬಾನೆ. ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಕಾಂತಶಕ್ತಿ ಕುಂದುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಓದುವ ಯಂತ್ರವೂ ಇನ್ನು ಹೆಚ್ಚು ಕಾಲ ಸಿಗದು. ಕ್ಯಾಸೆಟ್ಟುಗಳನ್ನು ತೇವವಿಲ್ಲದ ಕಡೆ ನೆಟ್ಟಗೆ ನಿಲ್ಲಿಸಿಡಿ. ಯಂತ್ರ ಸಿಕ್ಕಾಗ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಇಡಿ. ಎಲ್ಲಕ್ಕಿಂತ ಮೊದಲು, ಹಿರಿಯರನ್ನು ಕೂರಿಸಿಕೊಂಡು ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಚೀಟಿ ಬರೆದು ಅಂಟಿಸಿ. ಗಟ್ಟಿಯಾಗಿ ಅಂಟಿಸಿ.